ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಸಂಪತ್ತನ್ನು ಗಳಿಸಿದವರು ನಾಡಿನಲ್ಲಿ ಎಲ್ಲ ಕಾಲಕ್ಕೂ ಇದ್ದಾರೆ. ಗಳಿಸಿದುದರಲ್ಲಿ ಒಂದು ಭಾಗವನ್ನು ದಾನವಾಗಿ ಕೊಟ್ಟವರೂ ಕಡಮೆಯೇನಲ್ಲ. ಆದರೆ ಕೊಟ್ಟದ್ದು ತಮ್ಮ ಕಾಲಾನಂತರವೂ ಕರಗದೆ, ತಾವು ಕಂಡರಿಯದ ಊರುಗಳ ಮಕ್ಕಳಿಗೂ ಮುಟ್ಟುವಂತೆ ಭದ್ರವಾದ ಏರ್ಪಾಡನ್ನು ಮಾಡಿಹೋದವರು ವಿರಳ. ಅಂಥ ವಿರಳರ ಸಾಲಿನಲ್ಲಿ ನೆನೆಯಬೇಕಾದ ಮಹನೀಯರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಳಿದ ಹಿಂದಿನ ತಲೆಮಾರಿನವರಿಗೆ ಈ ಹೆಸರನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಲ್ದಾಣದ ಹೊರಗೆ ಕಾಲಿಟ್ಟೊಡನೆ ಸಮೀಪದಲ್ಲಿಯೇ ತೋಟದಪ್ಪನವರ ಛತ್ರ ಕಣ್ಣಿಗೆ ಬೀಳುತ್ತಿತ್ತು. ಪಟ್ಟಣದಲ್ಲಿ ಗುರುತಿನವರೊಬ್ಬರೂ ಇಲ್ಲದ ಹಳ್ಳಿಯ ಪ್ರಯಾಣಿಕನಿಗೆ ಅದೊಂದು ಧೈರ್ಯ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಅದಕ್ಕಿಂತಲೂ ಹೆಚ್ಚಿನದು. ಸರ್ಕಾರವು ತೆರೆದ ಕಾಲೇಜಿಗೂ ಹಳ್ಳಿಯ ಬಡ ತರುಣನಿಗೂ ನಡುವೆ ಇದ್ದ ಅಂತರವನ್ನು ಒಬ್ಬ ವರ್ತಕರ ಗಳಿಕೆಯು ಹೇಗೆ ತುಂಬಿತೆಂಬುದೇ ತೋಟದಪ್ಪನವರ ಜೀವನಚರಿತ್ರೆಯ ಸಾರ.

ಜನನ ಮತ್ತು ಕಾಲ

ತೋಟದಪ್ಪನವರು 1838ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಒಂದು ವೀರಶೈವ ಕುಟುಂಬದಲ್ಲಿ ಜನಿಸಿದರು. ಗುಬ್ಬಿಯು ಆ ಸೀಮೆಯ ಹೆಸರಾಂತ ವ್ಯಾಪಾರಸ್ಥಳ. ಅಡಕೆ, ಕೊಬ್ಬರಿಗಳ ವಹಿವಾಟಿಗೆ ಅದು ಬಹುಕಾಲದಿಂದ ಪ್ರಸಿದ್ಧವಾಗಿತ್ತು. ವ್ಯಾಪಾರದಷ್ಟೇ ಧರ್ಮಕ್ಕೂ ಸಾಹಿತ್ಯಕ್ಕೂ ಆ ಊರು ಹೆಸರಾದುದು. ಚನ್ನಬಸವೇಶ್ವರ ಸ್ವಾಮಿಯ ಸನ್ನಿಧಿ ಅಲ್ಲಿದೆ. ವೀರಶೈವ ಕವಿಗಳಲ್ಲಿ ಮಾನ್ಯನಾದ ಮಲ್ಲಣಾರ್ಯನು ಗುಬ್ಬಿಯ ಹೆಸರಿನೊಡನೆಯೇ ಪರಿಚಿತನು. ಶ್ರಮದಿಂದ ಗಳಿಸಬೇಕು, ಗಳಿಸಿದುದನ್ನು ಹಂಚಿ ಉಣ್ಣಬೇಕು ಎಂಬ ಕಾಯಕ ದಾಸೋಹಗಳ ಸಂಸ್ಕಾರವು ಇಂಥ ಊರುಗಳ ವರ್ತಕ ಮನೆತನಗಳಲ್ಲಿ ಪುಸ್ತಕದ ಮಾತಾಗಿರದೆ ದಿನದ ನಡೆವಳಿಕೆಯಾಗಿತ್ತು.

ಅವರು ಹುಟ್ಟಿದ ಕಾಲವು ಮೈಸೂರಿನ ಚರಿತ್ರೆಯಲ್ಲಿ ಸಂಧಿಕಾಲ. 1831ರಲ್ಲಿ ಸಂಸ್ಥಾನದ ಆಡಳಿತವು ಇಂಗ್ಲಿಷರ ಕಮಿಷನರುಗಳ ಕೈಸೇರಿತ್ತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದರು. ಆಡಳಿತದ ಕೇಂದ್ರವು ಬೆಂಗಳೂರಿಗೆ ಬಂದುದರಿಂದ ಅಲ್ಲಿಯ ಪೇಟೆಗಳು ಬೆಳೆದವು. ಸುತ್ತಣ ಜಿಲ್ಲೆಗಳ ವರ್ತಕರು ಅತ್ತ ನಡೆದರು. ತೋಟದಪ್ಪನವರ ಕುಟುಂಬವೂ ಗುಬ್ಬಿಯನ್ನು ಬಿಟ್ಟು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ನೆಲಸಿ ವ್ಯಾಪಾರವನ್ನು ಕೈಗೊಂಡಿತು. ಮನೆತನದ ಕಸುಬನ್ನೇ ಮುಂದುವರಿಸಿದ ತೋಟದಪ್ಪನವರು ಕ್ರಮೇಣ ಸ್ಥಿತಿವಂತರಾದರು.

ಅವರ ಯೌವನದ ವರ್ಷಗಳಲ್ಲಿಯೇ ನಾಡಿನಲ್ಲಿ ಹೊಸ ವಿದ್ಯೆಯ ಬೀಜವೂ ಬಿದ್ದಿತು. 1854ರಲ್ಲಿ ಇಂಗ್ಲೆಂಡಿನಿಂದ ಬಂದ ವುಡ್ಡರ ಶಿಕ್ಷಣಪತ್ರವು ಸರ್ಕಾರವೊಂದೇ ಎಲ್ಲ ಶಾಲೆಗಳನ್ನು ನಡೆಸಲಾರದೆಂಬುದನ್ನು ಒಪ್ಪಿ, ಖಾಸಗಿಯವರು ನಡೆಸುವ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಪದ್ಧತಿಗೆ ತಳಹದಿ ಹಾಕಿತು. ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಹೈಸ್ಕೂಲು ಪ್ರಾರಂಭವಾಯಿತು. ಅದೇ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಸರ್ಕಾರವೂ ಸಮಾಜವೂ ಕೂಡಿ ವಿದ್ಯಾಪ್ರಸಾರವನ್ನು ನಡೆಸಬೇಕೆಂಬ ನೀತಿಯು ಹೀಗೆ ತೋಟದಪ್ಪನವರ ತಾರುಣ್ಯದಲ್ಲಿಯೇ ಕಾಗದದ ಮೇಲೆ ಮೂಡಿತ್ತು. ಅದು ಬಡವನ ಬಾಗಿಲಿಗೆ ಬರುವುದು ಮಾತ್ರ ಇನ್ನೂ ದೂರವಿತ್ತು.

ಕ್ಷಾಮ ಮತ್ತು ರೈಲು

ತೋಟದಪ್ಪನವರು ನಡುವಯಸ್ಸಿಗೆ ಬಂದಾಗ ಮೈಸೂರು ಸೀಮೆಯನ್ನು ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ಆವರಿಸಿತು. 1876ರಿಂದ 1878ರವರೆಗಿನ ಆ ದುರ್ದಿನಗಳಲ್ಲಿ ಹಳ್ಳಿಗಳು ಬರಿದಾದವು, ದನಕರುಗಳು ನಾಶವಾದವು, ಅನ್ನವನ್ನು ಅರಸಿ ಜನರು ತಂಡತಂಡವಾಗಿ ಬೆಂಗಳೂರಿನ ಕಡೆ ನಡೆದರು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಸರ್ಕಾರವು ಗಂಜಿ ಕೇಂದ್ರಗಳನ್ನೂ ಕಾಮಗಾರಿಗಳನ್ನೂ ತೆರೆಯಿತು. ಸಾರ್ವಜನಿಕರಿಂದಲೂ ನೆರವಿನ ನಿಧಿಗಳು ಬಂದವು. ಊಟವಿಲ್ಲದವನಿಗೆ ಬೇರೆ ಯಾವ ಉಪಕಾರವೂ ಉಪಕಾರವಾಗಲಾರದೆಂಬುದನ್ನು ಬೆಂಗಳೂರಿನ ಪೇಟೆಯಲ್ಲಿದ್ದವರೆಲ್ಲರೂ ಆಗ ಕಣ್ಣಾರೆ ಕಂಡರು. ಮುಂದೆ ತೋಟದಪ್ಪನವರು ಕೈಗೊಂಡ ಧರ್ಮಕಾರ್ಯಗಳೆಲ್ಲವೂ ವಸತಿ ಮತ್ತು ಅನ್ನಗಳನ್ನೇ ಆಧರಿಸಿದ್ದವೆಂಬುದು ಗಮನಿಸತಕ್ಕ ಸಂಗತಿ.

1881ರಲ್ಲಿ ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಬಂದಿತು. ಕ್ಷಾಮಕಾಲದಲ್ಲಿ ಧಾನ್ಯವನ್ನು ಸಾಗಿಸಲಾರದೆ ಪಟ್ಟ ಪಾಡಿನಿಂದ ರೈಲುಮಾರ್ಗಗಳ ಅಗತ್ಯವು ಎಲ್ಲರಿಗೂ ಮನವರಿಕೆಯಾಗಿತ್ತು. 1882ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಗಾಡಿಗಳು ಓಡತೊಡಗಿದವು. 1884ರಲ್ಲಿ ರೈಲು ತುಮಕೂರನ್ನೂ ಗುಬ್ಬಿಯನ್ನೂ ಮುಟ್ಟಿತು. ಮುಂದೆ ತಿಪಟೂರು, ಅರಸೀಕೆರೆಗಳನ್ನು ಹಾದು 1889ರಲ್ಲಿ ಹರಿಹರದವರೆಗೆ ಮಾರ್ಗವು ಪೂರ್ಣವಾಯಿತು. ಹಾಸನದ ಸೀಮೆಗೆ ಬೆಂಗಳೂರು ಸಮೀಪವಾದುದು ಈ ಮಾರ್ಗದಿಂದಲೇ. ಚನ್ನರಾಯಪಟ್ಟಣದವರು ತಿಪಟೂರಿಗೂ, ಹಾಸನದವರು ಅರಸೀಕೆರೆಗೂ ಎತ್ತಿನ ಗಾಡಿಗಳಲ್ಲಿ ಹೋಗಿ ರೈಲನ್ನು ಹಿಡಿಯುತ್ತಿದ್ದರು. ಅರಕಲಗೂಡು, ಹೊಳೆನರಸೀಪುರಗಳವರಿಗೆ ಗಾಡಿಯ ದಾರಿ ಇನ್ನೂ ದೀರ್ಘವಾಗಿತ್ತು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಯನ್ನು ಸೇರುವ ಮಾರ್ಗವು ಸಿದ್ಧವಾದುದು 1918ರಲ್ಲಿ. ಅಲ್ಲಿಂದಾಚೆಗೆ ಈ ಊರುಗಳ ಹುಡುಗರು ತಮ್ಮ ನಿಲ್ದಾಣದಲ್ಲಿಯೇ ಹತ್ತಿ, ಅರಸೀಕೆರೆಯಲ್ಲಿ ಬದಲಾಯಿಸಿ, ತೋಟದಪ್ಪನವರ ಹುಟ್ಟೂರಾದ ಗುಬ್ಬಿಯನ್ನು ಹಾದು ಅವರು ಕಟ್ಟಿಸಿದ ಛತ್ರದ ಬಳಿಗೇ ಹೋಗಿ ಇಳಿಯುವಂತಾಯಿತು.

ರೈಲು ಬಂದುದರಿಂದ ಪಟ್ಟಣಕ್ಕೆ ಬರುವವರ ಸಂಖ್ಯೆ ಹೆಚ್ಚಿತು. ಹಿಂದೆ ಗಾಡಿಯಲ್ಲಿ ಬರುತ್ತಿದ್ದವರು ದಾರಿಯ ತೋಪುಗಳಲ್ಲಿಯೋ ಪರಿಚಯದ ಮನೆಗಳಲ್ಲಿಯೋ ತಂಗುತ್ತಿದ್ದರು. ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ರೈಲಾದರೋ ವ್ಯಾಜ್ಯಕ್ಕೆ ಬಂದವರು, ವ್ಯಾಪಾರಕ್ಕೆ ಬಂದವರು, ಔಷಧಕ್ಕೆ ಬಂದವರು, ಓದಿಗೆ ಬಂದವರು ಎಲ್ಲರನ್ನೂ ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ಬಾಗಿಲಲ್ಲಿ ಇಳಿಸಿ ಮುಂದಕ್ಕೆ ಹೋಗುತ್ತಿತ್ತು. ಹೊಸ ಸೌಕರ್ಯವು ಹೊಸದೊಂದು ಕೊರತೆಯನ್ನೂ ಜೊತೆಯಲ್ಲಿಯೇ ತಂದಿತ್ತು.

ಕಾಲೇಜಿತ್ತು, ಅನ್ನವಿರಲಿಲ್ಲ

ಈ ಕೊರತೆಯು ವಿದ್ಯಾರ್ಥಿಗಳ ಪಾಲಿಗೆ ಎಷ್ಟು ಕಠಿನವಾಗಿತ್ತೆಂಬುದನ್ನು ಇಂದಿನವರು ಸ್ವಲ್ಪ ವಿಚಾರಮಾಡಿ ತಿಳಿಯಬೇಕು. ಆ ಕಾಲದಲ್ಲಿ ಸಂಸ್ಥಾನದಲ್ಲಿ ಉನ್ನತ ವಿದ್ಯೆಗೆ ಆಶ್ರಯವಾಗಿದ್ದವು ಮುಖ್ಯವಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದು 1916ರಲ್ಲಿ. ಅದಕ್ಕೆ ಮೊದಲು ಇಲ್ಲಿಯ ಕಾಲೇಜುಗಳು ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹಾಸನದ ಹುಡುಗನೊಬ್ಬನು ಪದವೀಧರನಾಗಬೇಕೆಂದರೆ ಮನೆಯನ್ನು ಬಿಟ್ಟು ವರ್ಷಗಟ್ಟಲೆ ಪರಸ್ಥಳದಲ್ಲಿ ಇರುವುದು ಅನಿವಾರ್ಯವಾಗಿತ್ತು.

ಸರ್ಕಾರವು ಕಟ್ಟಡವನ್ನು ಕಟ್ಟಿತ್ತು, ಪ್ರಾಧ್ಯಾಪಕರನ್ನು ನೇಮಿಸಿತ್ತು, ಜಾಣರಾದ ಕೆಲವರಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತಿತ್ತು. ಆದರೆ ತರಗತಿ ಮುಗಿದ ಮೇಲೆ ಹುಡುಗನು ಎಲ್ಲಿಗೆ ಹೋಗಬೇಕು, ಏನನ್ನು ಉಣ್ಣಬೇಕು ಎಂಬ ಪ್ರಶ್ನೆಗೆ ಇಲಾಖೆಯ ಬಳಿ ಸಾಕಾದಷ್ಟು ಉತ್ತರವಿರಲಿಲ್ಲ. ಪಟ್ಟಣದಲ್ಲಿ ಬಂಧುಗಳಿದ್ದವರು ಅವರ ಮನೆಯ ಮೂಲೆಯಲ್ಲಿ ಇದ್ದು ಓದಿದರು. ಕೆಲವು ಸಮುದಾಯಗಳ ಬಡ ಹುಡುಗರು ವಾರಾನ್ನದ ಆಸರೆಯಿಂದ ಓದಿದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟವನ್ನು ಗೊತ್ತುಮಾಡಿಕೊಳ್ಳುವುದೇ ಈ ಪದ್ಧತಿ. ತಲೆಮಾರುಗಳಿಂದ ಪಟ್ಟಣದಲ್ಲಿ ನೆಲಸಿ ವಿದ್ಯೆ ಉದ್ಯೋಗಗಳಲ್ಲಿ ಮುಂದೆ ಬಂದಿದ್ದ ಸಮುದಾಯಗಳಿಗೆ ಇದು ಸಾಧ್ಯವಾಗಿತ್ತು. ಒಕ್ಕಲುತನವನ್ನೋ ಸಣ್ಣ ವ್ಯಾಪಾರವನ್ನೋ ನಂಬಿ ಹಳ್ಳಿಗಳಲ್ಲಿ ಚದರಿದ್ದವರಿಗೆ ಅಂಥ ಮನೆಗಳು ಪಟ್ಟಣದಲ್ಲಿ ಎಷ್ಟಿದ್ದಾವು? ಲಿಂಗಪೂಜೆಯ ನಿಯಮವನ್ನೂ ಆಹಾರದ ನಿಯಮವನ್ನೂ ಬಿಡಲೊಲ್ಲದ ಮನೆತನಗಳು ಹುಡುಗನನ್ನು ಕಂಡಲ್ಲಿ ಉಣ್ಣಲು ಕಳುಹಿಸಲು ಹಿಂಜರಿಯುತ್ತಿದ್ದವು. ಆದುದರಿಂದ ಎಷ್ಟೋ ಮಂದಿ ಜಾಣ ಹುಡುಗರ ಓದು ತಾಲ್ಲೂಕಿನ ಶಾಲೆಯಲ್ಲಿಯೇ ನಿಂತುಹೋಗುತ್ತಿತ್ತು. ಬುದ್ಧಿಗೆ ಕೊರತೆಯಿರಲಿಲ್ಲ, ಕಾಲೇಜಿನ ಬಾಗಿಲೂ ಮುಚ್ಚಿರಲಿಲ್ಲ. ಎರಡು ಹೊತ್ತಿನ ಊಟಕ್ಕೂ ಒಂದು ಚಾಪೆಯ ಜಾಗಕ್ಕೂ ಮಾತ್ರ ದಾರಿಯಿರಲಿಲ್ಲ.

ಛತ್ರದ ಸ್ಥಾಪನೆ

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಆಸ್ತಿಯಿದ್ದು ಸಂತಾನವಿಲ್ಲದವರ ಮುಂದೆ ಆ ಕಾಲದಲ್ಲಿ ಇದ್ದ ಸಾಮಾನ್ಯವಾದ ಮಾರ್ಗ ದತ್ತಸ್ವೀಕಾರ. ಮನೆತನದ ಹೆಸರು ಉಳಿಯಬೇಕೆಂಬ ಆಸೆಯು ಸಹಜವಾದುದೇ. ಅದನ್ನು ಯಾರೂ ಆಕ್ಷೇಪಿಸಲಾರರು. ತೋಟದಪ್ಪನವರು ತಮ್ಮ ಸ್ವತ್ತನ್ನು ಸಮಾಜದ ಉಪಯೋಗಕ್ಕೆ ಮೀಸಲಿಡಲು ನಿಶ್ಚಯಿಸಿದರು. ಅವರ ಜೀವನದ ಮುಖ್ಯವಾದ ತಿರುವು ಇದೇ. ಹಿಂದಿನದೆಲ್ಲವೂ ಒಬ್ಬ ಯಶಸ್ವಿ ವರ್ತಕರ ಕಥೆ. ಮುಂದಿನದು ನಾಡಿನ ಕಥೆ.

1897ರಲ್ಲಿ ಅವರು ಬೆಂಗಳೂರು ನಗರದ ರೈಲು ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ಜಾಗವನ್ನು ರೈಲ್ವೆಯವರಿಂದ ಕೊಂಡುಕೊಂಡರು. ಆಗ ಚಾಮರಾಜೇಂದ್ರ ಒಡೆಯರು ಕಾಲವಾಗಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಡೆಸುತ್ತಿದ್ದ ಕಾಲ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರು. ಸ್ಥಳದ ಆಯ್ಕೆಯಲ್ಲಿ ವರ್ತಕರ ವಿವೇಕವು ಎದ್ದು ಕಾಣುತ್ತದೆ. ದಾನಕ್ಕಾಗಿ ಕಟ್ಟಿಸುವ ಕಟ್ಟಡವನ್ನು ತಮ್ಮ ಮನೆಯ ಹತ್ತಿರ, ತಮ್ಮ ಪೇಟೆಯ ಜನ ನೋಡಿ ಕೊಂಡಾಡುವ ಕಡೆ ಕಟ್ಟಿಸುವುದು ಲೋಕರೂಢಿ. ತೋಟದಪ್ಪನವರು ಅದನ್ನು ಬಳಸುವವರ ಕಾಲಿಗೆ ಹತ್ತಿರವಾಗುವಂತೆ ಕಟ್ಟಿಸಿದರು. ಗಿರಾಕಿ ಓಡಾಡುವ ದಾರಿಯಲ್ಲಿ ಅಂಗಡಿಯಿರಬೇಕೆಂಬುದನ್ನು ಬಲ್ಲವರು ಬಡವನು ಇಳಿಯುವ ಜಾಗದಲ್ಲಿ ಧರ್ಮವಿರಬೇಕೆಂಬುದನ್ನು ಕಂಡುಕೊಂಡರು.

ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಗಳಲ್ಲಿ ಜನರು ಬಹಳ ಸಂಕಟಪಟ್ಟರು. ಊರನ್ನು ಬಿಟ್ಟು ಹೊರಗೆ ಹೋದರು. ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳು ತಲೆಯೆತ್ತಿದವು. ಇಂಥ ವಿಷಮಕಾಲದ ನಡುವೆ ಕೈಗೂಡಿದ ಧರ್ಮಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಂದ ಉದ್ಘಾಟಿತವಾಯಿತು. ಮಹಾರಾಜರು ರಾಜ್ಯಾಧಿಕಾರವನ್ನು ವಹಿಸಿಕೊಂಡು ಆಗ ಇನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ; 1902ರ ಆಗಸ್ಟ್ 8ರಂದು ಅವರಿಗೆ ಅಧಿಕಾರವು ಹಸ್ತಾಂತರವಾಗಿತ್ತು. ವಿದ್ಯೆಯನ್ನೂ ಉದ್ಯಮವನ್ನೂ ಪ್ರಜೆಗಳಲ್ಲಿ ಹರಡಿದ ದೊರೆಯೆಂದು ಮುಂದೆ ಕೀರ್ತಿಶಾಲಿಯಾದವರು ತಮ್ಮ ಆಳ್ವಿಕೆಯ ಆರಂಭದಲ್ಲಿಯೇ ವರ್ತಕರೊಬ್ಬರ ಛತ್ರದ ಬಾಗಿಲನ್ನು ತೆರೆದುದು ಸಾರ್ಥಕವಾದ ಯೋಗ.

ಛತ್ರವು ಪ್ರಯಾಣಿಕರಿಗೆ ಉಚಿತವಾದ ತಂಗುದಾಣವಾಯಿತು. ಅದರೊಡನೆ ತೋಟದಪ್ಪನವರು ಮತ್ತೊಂದು ಹೆಜ್ಜೆಯನ್ನು ಇಟ್ಟರು. ಓದಲು ಬಂದ ವೀರಶೈವ ಹುಡುಗರಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನು ಏರ್ಪಡಿಸಿದರು. ಛತ್ರ ಕಟ್ಟಿಸುವುದು ಹಳೆಯ ಧರ್ಮ. ಅರಸರೂ ಪಾಳೆಯಗಾರರೂ ಸೆಟ್ಟರೂ ನೂರಾರು ವರ್ಷಗಳಿಂದ ಮಾಡಿಕೊಂಡು ಬಂದುದು. ದಾರಿಹೋಕನು ಒಂದೆರಡು ರಾತ್ರಿ ತಂಗಿ ಮುಂದಕ್ಕೆ ಹೋಗುತ್ತಾನೆ. ಅವನಿಗೆ ಕೊಟ್ಟ ಅನ್ನ ಆ ಹೊತ್ತಿನ ಹಸಿವನ್ನು ತಣಿಸುತ್ತದೆ. ವಿದ್ಯಾರ್ಥಿಯಾದರೋ ವರ್ಷಗಟ್ಟಲೆ ಇರತಕ್ಕವನು. ಅವನಿಗೆ ದಿನವೂ ಊಟ ಬೇಕು, ಓದಲು ದೀಪ ಬೇಕು, ಪರೀಕ್ಷೆ ಮುಗಿಯುವವರೆಗೆ ಎಬ್ಬಿಸದ ನೆಲೆ ಬೇಕು. ಅಂಥವನನ್ನು ಸಾಕುವುದು ಒಂದು ದಿನದ ಉತ್ಸಾಹದಿಂದ ಆಗುವ ಕೆಲಸವಲ್ಲ. ಅದಕ್ಕೆ ನಿಲ್ಲದ ವರಮಾನವೂ ನಿಯಮಬದ್ಧವಾದ ಆಡಳಿತವೂ ಬೇಕು. ಪ್ರಾಚೀನವಾದ ಅನ್ನದಾನ ಧರ್ಮವನ್ನು ತೋಟದಪ್ಪನವರು ಹೊಸ ಕಾಲದ ವಿದ್ಯೆಗೆ ಹೀಗೆ ಜೋಡಿಸಿದರು.

ರಾಜ ಮನ್ನಣೆ

ಈ ಸೇವೆಯು ಸರ್ಕಾರದ ಗಮನಕ್ಕೆ ಬಾರದೆ ಹೋಗಲಿಲ್ಲ. 1905ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನು ಅನುಗ್ರಹಿಸಿದರು. 1910ರಲ್ಲಿ ಬ್ರಿಟಿಷ್ ಸರ್ಕಾರವು ರಾವ್ ಬಹದ್ದೂರ್ ಬಿರುದನ್ನಿತ್ತಿತು. ಬಿರುದುಗಳು ಆ ಕಾಲದಲ್ಲಿ ಅನೇಕರಿಗೆ ದೊರೆತಿವೆ. ಅವುಗಳಲ್ಲಿ ಎಷ್ಟೋ ಹೆಸರುಗಳು ಇಂದು ದಫ್ತರಗಳಲ್ಲಿ ಮಾತ್ರ ಇವೆ. ಧರ್ಮಪ್ರವರ್ತ ಎಂಬ ಮಾತು ತೋಟದಪ್ಪನವರ ಹೆಸರಿನೊಡನೆ ಬೆಸೆದುಕೊಂಡು ಜನರ ಬಾಯಲ್ಲಿ ಉಳಿದುದಕ್ಕೆ ಕಾರಣ, ಅದರ ಹಿಂದೆ ದಿನವೂ ಒಲೆ ಉರಿಯುತ್ತಿದ್ದುದು.

ಅವರು ಒಬ್ಬಂಟಿಗರಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ದಶಕದಲ್ಲಿ ಕನ್ನಡನಾಡಿನ ನಾನಾ ಭಾಗಗಳಲ್ಲಿ ಒಂದೇ ಬಗೆಯ ಎಚ್ಚರವು ಮೂಡಿತ್ತು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಸೇರಿತು. ಅದರ ಅಧ್ಯಕ್ಷತೆಯನ್ನು ವಹಿಸಿದ್ದ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಕಾಲವಾಗುವಾಗ ತಮ್ಮ ಸಂಸ್ಥಾನದ ಸ್ವತ್ತನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. ಬೆಂಗಳೂರಿನಲ್ಲಿ ಅದೇ 1906ರಲ್ಲಿ ಒಕ್ಕಲಿಗರ ಸಂಘವು ಹುಟ್ಟಿತು. ದೇಸಾಯಿಯವರದು ಭೂಮಿಯ ಒಡೆತನದಿಂದ ಬಂದ ತ್ಯಾಗ. ತೋಟದಪ್ಪನವರದು ಅಂಗಡಿಯ ಗಳಿಕೆಯಿಂದ ಬಂದ ತ್ಯಾಗ. ಎರಡರ ಗುರಿಯೂ ಮುಂದಿನ ಪೀಳಿಗೆಯೇ.

ಆಡಳಿತದ ಏರ್ಪಾಡು

ದಾನಿಗಳಿಗೆ ತೋಟದಪ್ಪನವರ ಬದುಕಿನಿಂದ ದೊರೆಯುವ ಬಹು ಮುಖ್ಯವಾದ ಪಾಠವು ಅವರು ಧರ್ಮವನ್ನು ನಡೆಸಲು ಮಾಡಿದ ವ್ಯವಸ್ಥೆಯಲ್ಲಿದೆ. ದಾನವನ್ನು ಕೊಡುವುದಕ್ಕಿಂತ ದಾನದ ಮೇಲಣ ಹಿಡಿತವನ್ನು ಬಿಡುವುದು ಕಷ್ಟ. ಕೊಟ್ಟವರು ಬದುಕಿರುವವರೆಗೆ ಚೆನ್ನಾಗಿ ನಡೆದು, ಅವರ ಹಿಂದೆಯೇ ಬೀಗ ಬಿದ್ದ ಛತ್ರಗಳೂ, ದಾಯಾದಿಗಳ ವ್ಯಾಜ್ಯದಲ್ಲಿ ಸವೆದುಹೋದ ಉಂಬಳಿಗಳೂ ನಮ್ಮ ನಾಡಿನಲ್ಲಿ ಒಂದೆರಡಲ್ಲ. ತೋಟದಪ್ಪನವರು ತಮ್ಮ ಧರ್ಮವನ್ನು ಒಂದು ಧರ್ಮಸಂಸ್ಥೆಯ ರೂಪಕ್ಕೆ ತಂದು, ಅದರ ಅಧ್ಯಕ್ಷ ಪದವಿಯನ್ನು ಕೆ. ಪಿ. ಪುಟ್ಟಣ್ಣಚೆಟ್ಟಿಯವರಿಗೆ ಒಪ್ಪಿಸಿದರು.

ಪುಟ್ಟಣ್ಣಚೆಟ್ಟಿಯವರು (1856–1938) ಮೈಸೂರು ಸರ್ಕಾರದ ಸೇವೆಯಲ್ಲಿ ಉನ್ನತ ಸ್ಥಾನಗಳಿಗೇರಿದವರು. ಬೆಂಗಳೂರು ನಗರದ ಪುರಸಭೆಯ ಅಧ್ಯಕ್ಷರಾಗಿದ್ದವರು. 1925ರಲ್ಲಿ ಸರ್ ಪದವಿಯನ್ನು ಪಡೆದವರು. ಬೆಂಗಳೂರಿನ ಪುರಭವನವು ಅವರ ಹೆಸರನ್ನೇ ಹೊತ್ತಿದೆ. ಲೆಕ್ಕಪತ್ರ, ಕಾನೂನು, ಕಚೇರಿ ಇವುಗಳ ಮರ್ಮವನ್ನು ಬಲ್ಲ ಆಡಳಿತಗಾರರ ಕೈಗೆ ವರ್ತಕರ ಹಣವು ಸೇರಿತು. ಸರ್ಕಾರದ ಅನುಭವ ಮತ್ತು ಖಾಸಗಿಯವರ ಔದಾರ್ಯ ಇವೆರಡೂ ಒಂದೇ ಮೇಜಿನ ಸುತ್ತ ಕುಳಿತವು. ನಿವೇಶನವು ರೈಲ್ವೆಯಿಂದ ಬಂದುದು, ಹಣವು ತೋಟದಪ್ಪನವರದು, ಉದ್ಘಾಟನೆ ಮಹಾರಾಜರದು, ಮೇಲ್ವಿಚಾರಣೆ ಸಾರ್ವಜನಿಕ ಜೀವನದ ಅನುಭವಿಗಳದು, ಅಲ್ಲಿ ಉಂಡ ಹುಡುಗರು ಹೋಗಿ ಕುಳಿತುದು ಸರ್ಕಾರದ ಕಾಲೇಜಿನಲ್ಲಿ. ಸರ್ಕಾರ ಮತ್ತು ಸಮಾಜಗಳ ಸಹಯೋಗವೆಂದು ಇಂದು ದೊಡ್ಡ ಸಭೆಗಳಲ್ಲಿ ಚರ್ಚಿಸುವ ವಿಷಯವು ಆ ಎರಡೂವರೆ ಎಕರೆ ನೆಲದಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು.

1910ರಲ್ಲಿ, ಎಪ್ಪತ್ತು ವರ್ಷಗಳನ್ನು ದಾಟಿದ ತುಂಬು ಬಾಳನ್ನು ನಡೆಸಿ, ತೋಟದಪ್ಪನವರು ಲಿಂಗೈಕ್ಯರಾದರು. ಅವರ ಹಿಂದೆ ಛತ್ರದ ಬಾಗಿಲು ಮುಚ್ಚಲಿಲ್ಲ.

ಬೆಳೆದ ಫಲ

ಬಿತ್ತಿದವರು ಕಾಣದ ಬೆಳೆಯೇ ದೊಡ್ಡದಾಯಿತು. ಅವರು ಕಣ್ಮರೆಯಾದ ಎರಡು ವರ್ಷಗಳಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. 1913ರ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ, 1916ರ ವಿಶ್ವವಿದ್ಯಾನಿಲಯ ಮುಂತಾದವುಗಳಿಂದ ವಿದ್ಯೆಯ ಹರಹು ವಿಸ್ತಾರವಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಹಿಂದುಳಿದ ಸಮುದಾಯಗಳ ತರುಣರಿಗೆ ವಿದ್ಯೆ ಉದ್ಯೋಗಗಳಲ್ಲಿ ಅವಕಾಶ ದೊರೆಯಬೇಕಾದ ಮಾರ್ಗಗಳನ್ನು ಸೂಚಿಸಿತು. ಸರ್ಕಾರದ ನೀತಿಯು ಹೊಸ ಹುಡುಗರನ್ನು ಪಟ್ಟಣಕ್ಕೆ ಕರೆದಂತೆಲ್ಲ ಅವರಿಗೆ ನೆಲೆ ಕೊಡುವ ವಿದ್ಯಾರ್ಥಿನಿಲಯಗಳ ಬೆಲೆಯೂ ಏರಿತು. ಹಳ್ಳಿಯಿಂದ ಬಂದು ಅಲ್ಲಿ ಓದಿದವರು ವಕೀಲರಾಗಿ, ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ ಜಿಲ್ಲೆಜಿಲ್ಲೆಗಳಿಗೆ ಹೋದರು.

ಅವರಲ್ಲಿ ಒಬ್ಬರನ್ನು ನೆನೆದರೆ ಸಾಕು. ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದ ಶಿವಣ್ಣನೆಂಬ ತರುಣನು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ ಇದ್ದನು. 1930ರಲ್ಲಿ ಆತನು ಸಿದ್ಧಗಂಗಾ ಕ್ಷೇತ್ರದ ಉತ್ತರಾಧಿಕಾರಿಯಾಗಿ ಡಾ. ಶಿವಕುಮಾರ ಸ್ವಾಮಿಗಳೆಂಬ ಪುಣ್ಯನಾಮದಿಂದ ಲೋಕಮಾನ್ಯರಾದರು. 1941ರಲ್ಲಿ ಮಠದ ಹೊಣೆಯು ಪೂರ್ಣವಾಗಿ ಅವರ ಮೇಲೆ ಬಂದಂದಿನಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ಹಾಸನ ಜಿಲ್ಲೆಯ ಹಳ್ಳಿಗಳಿಂದಲೂ ಎಷ್ಟೋ ಮಕ್ಕಳು ಅಲ್ಲಿಗೆ ಹೋಗಿ ಓದಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಪರರ ಧರ್ಮದ ಅನ್ನವನ್ನು ಉಂಡವರು ಮುಂದೆ ನಾಡಿನ ಮಕ್ಕಳಿಗೆಲ್ಲ ಉಣಬಡಿಸಿದರು. ತೋಟದಪ್ಪನವರು ಒಂದು ಸಮುದಾಯದ ಹುಡುಗರಿಗಾಗಿ ಹಚ್ಚಿದ ಒಲೆಯ ಕಿಡಿಯು ಎಲ್ಲರ ಮಕ್ಕಳ ಒಲೆಯನ್ನು ಹೊತ್ತಿಸುವುದಕ್ಕೂ ಒದಗಿತು.

ಆ ಕಾ‌ಲದ ಎಲ್ಲೆಗಳನ್ನು ಮುಚ್ಚಿಡುವುದು ಹಿರಿಯರಿಗೆ ಸಲ್ಲಿಸುವ ಗೌರವವಲ್ಲ. ವಿದ್ಯಾರ್ಥಿನಿಲಯವು ಅಂದು ಒಂದು ಸಮಾಜದ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಆ ಕಾಲದ ಇತರ ಸಮುದಾಯಗಳ ವಿದ್ಯಾರ್ಥಿನಿಲಯಗಳೂ ಬಹುಮಟ್ಟಿಗೆ ಹೀಗೆಯೇ ತಮ್ಮತಮ್ಮವರಿಗಾಗಿ ಹುಟ್ಟಿದವು. ಹೆಣ್ಣುಮಕ್ಕಳು ಪರಸ್ಥಳದಲ್ಲಿದ್ದು ಓದಬಹುದೆಂಬ ಭಾವನೆಯು ಸಮಾಜದಲ್ಲಿ ಬೇರೂರಲು ಇನ್ನೂ ಎಷ್ಟೋ ವರ್ಷಗಳು ಬೇಕಾದವು. ಧನಿಕರಿಲ್ಲದ, ಸಂಘಟನೆಯಿಲ್ಲದ ಸಮುದಾಯಗಳ ಮಕ್ಕಳಿಗೆ ತೋಟದಪ್ಪನವರಂಥವರು ಯಾರೂ ಸಿಗಲಿಲ್ಲ. ಆ ಕೊರತೆಯನ್ನು ಖಾಸಗಿಯವರ ಔದಾರ್ಯವೊಂದೇ ತುಂಬಲಾರದು. 1970ರ ದಶಕದಲ್ಲಿ ದೇವರಾಜ ಅರಸರ ಆಡಳಿತವು ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ಹೆಚ್ಚಿಸಿದುದು ಇದೇ ಕಾರಣದಿಂದ. ಸರ್ಕಾರವಿಲ್ಲದೆ ದಾನವು ಎಲ್ಲರನ್ನೂ ಮುಟ್ಟದು. ದಾನವಿಲ್ಲದೆ ಸರ್ಕಾರದ ಯೋಜನೆಯು ಕೊನೆಯ ಮೆಟ್ಟಲನ್ನು ಹತ್ತದು. ತೋಟದಪ್ಪನವರ ಜೀವನವು ಎರಡನೆಯ ಮಾತಿಗೆ ಸಾಕ್ಷಿ. ಅನಂತರದ ಚರಿತ್ರೆಯು ಮೊದಲನೆಯ ಮಾತಿಗೆ ಸಾಕ್ಷಿ.

ಇಂದಿನವರ ಪಾಲಿನ ಹೊಣೆ

ಹಾಸನದ ಹುಡುಗನು ಪದವಿಗಾಗಿ ಬೆಂಗಳೂರಿಗೇ ಹೋಗಬೇಕಾದ ಕಾಲವು ಈಗ ಹೋಗಿದೆ. 1960ರಲ್ಲಿ ಭಾರತ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸಂಸ್ಥೆ ಈ ಮೂವರ ಸಹಯೋಗದಿಂದ ಹಾಸನದಲ್ಲಿಯೇ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಸರ್ಕಾರದ ಹಣ ಮತ್ತು ಸ್ಥಳೀಯರ ಉತ್ಸಾಹ ಕೂಡಿದರೆ ಜಿಲ್ಲೆಯ ಕೇಂದ್ರವೊಂದರಲ್ಲಿ ಏನಾಗಬಹುದೆಂಬುದಕ್ಕೆ ಅದು ನಿದರ್ಶನ. 1988ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಯುವ ನೀತಿಯನ್ನು ಪ್ರಕಟಿಸಿತು. 2003ರಲ್ಲಿಯೂ 2014ರಲ್ಲಿಯೂ ಅದನ್ನು ಹೊಸದಾಗಿ ರೂಪಿಸಿತು. 2014ರ ನೀತಿಯು 15ರಿಂದ 29 ವರ್ಷದವರೆಗಿನವರನ್ನು ಯುವಜನರೆಂದು ಎಣಿಸಿತು. ವಿದ್ಯೆ, ಕೌಶಲ, ಉದ್ಯೋಗ, ಆರೋಗ್ಯ ಇವೆಲ್ಲವುಗಳಲ್ಲಿ ಸರ್ಕಾರದೊಡನೆ ಸಮಾಜವೂ ಕೈಜೋಡಿಸಬೇಕಾಗಿದೆ.

ಊರುಗಳು ಬದಲಾಗಿವೆ, 2017ರಿಂದ ಚನ್ನರಾಯಪಟ್ಟಣದ ಮಾರ್ಗವಾಗಿಯೇ ಹಾಸನದಿಂದ ಬೆಂಗಳೂರಿಗೆ ನೇರವಾಗಿ ರೈಲು ಓಡುತ್ತಿದೆ. ಆದರೆ ಅರಕಲಗೂಡಿನ ಹಳ್ಳಿಯೊಂದರಿಂದ ತಾಲ್ಲೂಕಿನ ಕೇಂದ್ರಕ್ಕೋ ಜಿಲ್ಲೆಯ ಕೇಂದ್ರಕ್ಕೋ ಓದಲು ಬರುವ ಬಡ ಹುಡುಗ ಹುಡುಗಿಯರ ಮುಂದೆ ಇಂದಿಗೂ ನಿಲ್ಲುವ ಪ್ರಶ್ನೆ ಹಳೆಯದೇ. ಪ್ರವೇಶ ದೊರೆಯುತ್ತದೆ, ಶುಲ್ಕಕ್ಕೆ ವಿನಾಯಿತಿಯೂ ದೊರೆಯಬಹುದು, ಬಾಡಿಗೆಗೂ ಊಟಕ್ಕೂ ಮನೆಯವರು ಸಾಲ ಮಾಡಬೇಕಾಗುತ್ತದೆ. ಯೋಜನೆಯ ಕಾಗದಕ್ಕೂ ವಿದ್ಯಾರ್ಥಿಯ ತಟ್ಟೆಗೂ ನಡುವೆ ಅಂದು ಇದ್ದ ಅಂತರವು ಇಂದು ಕಿರಿದಾಗಿದೆಯೇ ಹೊರತು ಅಳಿದಿಲ್ಲ. ಆ ಅಂತರವನ್ನು ಕಾಣಬಲ್ಲವರು ಪಾಠ ಹೇಳುವ ಉಪಾಧ್ಯಾಯರು. ತುಂಬಬಲ್ಲವರು ಅದೇ ದಾರಿಯಲ್ಲಿ ನಡೆದು ಮೇಲೆ ಬಂದ ಹಳೆಯ ವಿದ್ಯಾರ್ಥಿಗಳೂ ಕೈಯಲ್ಲಿ ನಾಲ್ಕು ಕಾಸುಳ್ಳ ದಾನಿಗಳೂ.

ತೋಟದಪ್ಪನವರ ಹೆಸರಿನ ಧರ್ಮಸಂಸ್ಥೆಯು ಇಂದಿಗೂ ವಿದ್ಯಾರ್ಥಿಗಳಿಗೆ ನೆರವನ್ನು ನೀಡುತ್ತಿದೆ. ಬೆಂಗಳೂರಿನ ರೈಲು ನಿಲ್ದಾಣದ ಮುಂದಿನ ರಸ್ತೆಯು ಅವರ ಹೆಸರನ್ನು ಹೊತ್ತಿದೆ. ದಿನವೂ ಆ ರಸ್ತೆಯಲ್ಲಿ ಓಡಾಡುವ ಸಹಸ್ರಾರು ಜನರಲ್ಲಿ ಈ ಹೆಸರಿನವರು ಯಾರೆಂದು ವಿಚಾರಿಸುವವರು ಕೆಲವರೇ ಇರಬಹುದು. ಅದರಿಂದ ಅವರಿಗೆ ನಷ್ಟವಿಲ್ಲ. ಮಕ್ಕಳಿಲ್ಲದ ಆ ವರ್ತಕರ ಮನೆಯಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಮಕ್ಕಳು ಉಂಡಿದ್ದಾರೆ, ಓದಿದ್ದಾರೆ, ಎದ್ದು ಹೋಗಿ ತಮ್ಮ ಊರುಗಳಲ್ಲಿ ದೀಪ ಹಚ್ಚಿದ್ದಾರೆ. ಧರ್ಮವನ್ನು ಪ್ರವರ್ತನೆಗೆ ತಂದವರೆಂಬ ಬಿರುದಿಗೆ ಇದಕ್ಕಿಂತ ಬೇರೆ ಅರ್ಥವನ್ನು ಅರಸಬೇಕಾಗಿಲ್ಲ.